ಇಲಿ ಈಜುವುದನ್ನು ನಿಲ್ಲಿಸಿತು, ಅಷ್ಟೇ

ಎಂ.ಫಾರ್ಮ್ ಓದುವಾಗ ನಾನು 24 ಬಿಳಿ ಇಲಿಗಳನ್ನು ಒಂದೊಂದಾಗಿ ನೀರಿಗೆ ಬಿಟ್ಟಿದ್ದೇನೆ. ಮುಳುಗಿಸಲು ಅಲ್ಲ, ಅಳೆಯಲು. ಎತ್ತರದ ಗಾಜಿನ ಪಾತ್ರೆ, ಅದರಲ್ಲಿ 25 ಡಿಗ್ರಿಯ ನೀರು, ನನ್ನ ಕೈಯಲ್ಲಿ ಸ್ಟಾಪ್‌ವಾಚ್. ಒಂದು ಇಲಿಗೆ 6 ನಿಮಿಷ. ಮೊದಲ 2 ನಿಮಿಷ ಲೆಕ್ಕಕ್ಕಿಲ್ಲ. ಉಳಿದ 4 ನಿಮಿಷಗಳಲ್ಲಿ ಇಲಿ ಕೈಕಾಲು ಬಡಿಯುವುದನ್ನು ಬಿಟ್ಟು, ಮೂಗಷ್ಟೇ ನೀರಿನ ಮೇಲಿಟ್ಟುಕೊಂಡು ಎಷ್ಟು ಸೆಕೆಂಡು ತೇಲಿತು ಎಂದು ಬರೆದುಕೊಳ್ಳಬೇಕು. ಆ ಸೆಕೆಂಡುಗಳಿಗೆ ನಮ್ಮ ಪುಸ್ತಕದಲ್ಲಿ ಒಂದು ಹೆಸರಿತ್ತು: ಹತಾಶೆ.

ನಾಲ್ಕು ಗುಂಪು, ಗುಂಪಿಗೆ ಆರು ಇಲಿ. ಒಂದು ಗುಂಪಿಗೆ ಬರೀ ನೀರು. ಇನ್ನೊಂದಕ್ಕೆ ಇಮಿಪ್ರಮಿನ್ ಎಂಬ ಹಳೆಯ ಖಿನ್ನತೆ ನಿವಾರಕ. ಉಳಿದೆರಡಕ್ಕೆ ನಮ್ಮ ಹೊಲದ ಬದುವಿನಲ್ಲಿ ಬೆಳೆಯುವ ಒಂದು ಗಿಡದ ಎಲೆಯ ಸಾರ, ಒಂದಕ್ಕೆ ಕಡಿಮೆ, ಒಂದಕ್ಕೆ ಹೆಚ್ಚು. ಹೆಚ್ಚು ಕುಡಿದ ಇಲಿಗಳು ತುಸು ಹೆಚ್ಚು ಹೊತ್ತು ಈಜಿದವು. ಲೆಕ್ಕ ಹಾಕಿದಾಗ ಆ ವ್ಯತ್ಯಾಸ ಗಣನೀಯ ಎಂದು ಬಂತು. 'ಈ ಎಲೆಯ ಸಾರಕ್ಕೆ ಖಿನ್ನತೆ ನಿವಾರಕ ಗುಣವಿದೆ' ಎಂದು ಪ್ರಬಂಧದ ಕೊನೆಯಲ್ಲಿ ಬರೆದೆ. ವೈವಾದಲ್ಲಿ ಯಾರೂ ಅಡ್ಡಪ್ರಶ್ನೆ ಕೇಳಲಿಲ್ಲ. ಡಿಗ್ರಿ ಬಂತು. ಇಲಿಗಳನ್ನು 'ಸ್ಯಾಕ್ರಿಫೈಸ್' ಮಾಡಿದೆವು. ಪ್ರಯೋಗಾಲಯದಲ್ಲಿ ಕೊಂದೆವು ಎನ್ನುವುದಿಲ್ಲ, ಬಲಿ ಕೊಟ್ಟೆವು ಎನ್ನುತ್ತಾರೆ. ಬಲಿ ಎಂದ ಮೇಲೆ ಯಾವ ದೇವರಿಗೆ ಎಂದು ಕೇಳಬೇಕಲ್ಲವೇ? ಆಗ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ.

ಒಂದು ಮಾತು ಮೊದಲೇ ಸ್ಪಷ್ಟಪಡಿಸುತ್ತೇನೆ. ನಾನು ಖಿನ್ನತೆಯ ಗುಳಿಗೆಗಳ ವಿರೋಧಿಯಲ್ಲ. ಪ್ರಾಣಿಗಳ ಮೇಲಿನ ಪ್ರಯೋಗವೆಲ್ಲ ಪಾಪ ಎನ್ನುವವನೂ ಅಲ್ಲ. ನನ್ನ ತಕರಾರು ಇಷ್ಟೇ: ನೀರಿನಲ್ಲಿ ತೇಲುವ ಇಲಿಯನ್ನು ನೋಡಿ ಅದಕ್ಕೆ ಹತಾಶೆ ಎಂದು ಹೆಸರಿಟ್ಟು, ಆ ಹೆಸರಿನ ಬಲದಿಂದ ಮನುಷ್ಯರ ದುಃಖದ ಬಗ್ಗೆ ತೀರ್ಪು ಕೊಡುವ ಕೆಲಸ ನಿಲ್ಲಬೇಕು. ಅದರಲ್ಲೂ ನಮ್ಮ ಕಾಲೇಜುಗಳಲ್ಲಿ ಡಿಗ್ರಿಗಾಗಿ ನಡೆಯುವುದು ನಾಳೆಯೇ ನಿಲ್ಲಬಹುದು. ನಿಂತರೆ ಒಬ್ಬ ರೋಗಿಗೂ ನಷ್ಟವಾಗುವುದಿಲ್ಲ.

ಈ ಪರೀಕ್ಷೆಯನ್ನು ರೋಜರ್ ಪೋರ್ಸೋಲ್ಟ್ ಮತ್ತು ಅವರ ಸಂಗಡಿಗರು 1977ರಲ್ಲಿ ಪ್ರಕಟಿಸಿದರು. ತಪ್ಪಿಸಿಕೊಳ್ಳಲು ದಾರಿಯಿಲ್ಲದ ಪಾತ್ರೆಯಲ್ಲಿ ಇಲಿ ಮೊದಲು ಒದ್ದಾಡುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಆಗ ಗೊತ್ತಿದ್ದ ಖಿನ್ನತೆ ನಿವಾರಕಗಳನ್ನು ಕೊಟ್ಟರೆ ಒದ್ದಾಟ ಹೆಚ್ಚು ಹೊತ್ತು ನಡೆಯುತ್ತದೆ. ಅವರು ಕಂಡದ್ದು ನಿಜ. ಆದರೆ ಸುಮ್ಮನಾದ ಇಲಿ ಆಸೆ ಕಳೆದುಕೊಂಡಿದೆ ಎಂಬುದು ಕಂಡದ್ದಲ್ಲ, ಊಹೆ. ಖರ್ಚು ಕಡಿಮೆ, ಸಮಯ ಕಡಿಮೆ, ಪಾತ್ರೆ ಮತ್ತು ಗಡಿಯಾರ ಇದ್ದರೆ ಸಾಕು. ಹಾಗಾಗಿ ಆ ಊಹೆ ಲೋಕವೆಲ್ಲ ಹರಡಿತು. 1985ರಲ್ಲಿ ಇಲಿಯನ್ನು ಬಾಲದಿಂದ ತೂಗುಹಾಕಿ ಅದು ಒದ್ದಾಡುವುದನ್ನು ಬಿಡುವ ಹೊತ್ತನ್ನು ಅಳೆಯುವ ಇನ್ನೊಂದು ಪರೀಕ್ಷೆಯೂ ಬಂತು. ತುಳಸಿ, ಬ್ರಾಹ್ಮಿ, ಅಶ್ವಗಂಧ, ನುಗ್ಗೆ, ಇವೆಲ್ಲ ಇಂಥ ಪರೀಕ್ಷೆಗಳಲ್ಲಿ 'ಪಾಸಾಗಿವೆ'. ನನ್ನ ಗಿಡವೂ ಪಾಸಾಯಿತು. ಅದು ಯಾವ ರೋಗಿಯ ಕೈಗೂ ತಲುಪಲಿಲ್ಲ, ತಲುಪುವ ಯೋಚನೆ ಯಾರಿಗೂ ಇರಲಿಲ್ಲ.

ನನ್ನೂರು ಬಬಲೇಶ್ವರ, ಅವ್ವನ ತವರು ತಿಕೋಟಾ. ಬೇಸಿಗೆ ಸೂಟಿಗೆ ಅಲ್ಲಿಗೆ ಹೋದಾಗ ನನಗೆ ಈಜು ಕಲಿಸಿದವರು ಸೋದರಮಾವ. ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿ ಬಾವಿಗೆ ನೂಕಿದರು. ನಾಲ್ಕನೆಯ ದಿನ ಡಬ್ಬಿ ಬಿಚ್ಚಿದರು. ನಾನು ಕೈಕಾಲು ಬಡಿದು ಬಡಿದು ನೀರು ಕುಡಿದೆ. ಮಾಮಾ ಮೆಟ್ಟಿಲ ಮೇಲೆ ಕೂತು ಹೇಳಿದರು: "ದಣಿದಿ ಅಂದ್ರ ಬಡದಾಡಬ್ಯಾಡ ಅಳಿಯಾ. ಹೆಣಾ ಬಿದ್ದಂಗ ಸುಮ್ನ ಬೀಳು. ನೀರು ತಾನ ಹೊರತೈತಿ." ಹಾಗೇ ಬಿದ್ದೆ. ನೀರು ಹೊತ್ತಿತು. "ಈಗ ಕಲ್ತಿ ನೋಡು" ಎಂದರು.

ಮಾಮಾ ಓದಿದ್ದು ಏಳನೆಯ ಇಯತ್ತೆ. ಆದರೆ ಬಾವಿಯ ಮೆಟ್ಟಿಲ ಮೇಲೆ ಅವರಿಗೆ ಗೊತ್ತಿದ್ದದ್ದು ನಮ್ಮ ಪ್ರಯೋಗಾಲಯಕ್ಕೆ ಗೊತ್ತಿರಲಿಲ್ಲ. ದಾರಿಯಿಲ್ಲದ ನೀರಿನಲ್ಲಿ ಸುಮ್ಮನೆ ತೇಲುವುದು ಶಕ್ತಿ ಉಳಿಸುವ ಉಪಾಯ. ವಿಜ್ಞಾನಿಗಳೇ ಈ ಮಾತನ್ನು ಬಹಳ ಹಿಂದಿನಿಂದ ಹೇಳುತ್ತ ಬಂದಿದ್ದಾರೆ. 2015ರಲ್ಲಿ ನೆದರ್ಲೆಂಡ್ಸ್‌ನ ಮೊಲೆಂಡೈಕ್ ಮತ್ತು ಡಿ ಕ್ಲೂಟ್ ತಮ್ಮ ಲೇಖನದ ತಲೆಬರಹದಲ್ಲೇ ಅದನ್ನು ಹೇಳಿದರು: ಈ ನಿಶ್ಚಲತೆ ಹೊಂದಾಣಿಕೆ, ಖಿನ್ನತೆಯ ಕನ್ನಡಿಯಲ್ಲ. ಇಲಿಗಳನ್ನು ಎರಡನೆಯ ದಿನ ನೀರಿಗೆ ಬಿಟ್ಟರೆ ಬೇಗ ತೇಲುತ್ತವೆ. ನಿನ್ನೆ ಒದ್ದಾಡಿ ಪ್ರಯೋಜನವಾಗಲಿಲ್ಲ, ಕೊನೆಗೆ ಒಂದು ಕೈ ಬಂದು ಎತ್ತಿಕೊಂಡಿತು ಎಂಬ ಪಾಠವನ್ನು ಅವು ಕಲಿತಿರಬಹುದು. ಅದು ನೆನಪು. ಅದಕ್ಕೆ ಹತಾಶೆ ಎಂಬ ಹೆಸರು ಯಾಕೆ?

ಇನ್ನೂ ಎರಡು ತೊಡಕುಗಳಿವೆ. ಖಿನ್ನತೆಯ ಗುಳಿಗೆ ಮನುಷ್ಯರಲ್ಲಿ ಪರಿಣಾಮ ತೋರಲು ಎರಡರಿಂದ ನಾಲ್ಕು ವಾರ ಬೇಕು. ಇಲಿಗೆ ನಾನು ಔಷಧ ಕೊಟ್ಟದ್ದು ಪರೀಕ್ಷೆಗೆ ಒಂದು ಗಂಟೆ ಮುಂಚೆ. ಒಂದು ಗಂಟೆಯಲ್ಲಿ ಇಲಿಯಲ್ಲಿ ಬದಲಾದದ್ದು ಮತ್ತು ಒಂದು ತಿಂಗಳಲ್ಲಿ ಮನುಷ್ಯನಲ್ಲಿ ಬದಲಾಗುವುದು ಒಂದೇ ಎಂದು ನಂಬಲು ಕಾರಣವೇನು? ಇನ್ನು, ಕೆಫೀನ್, ಆಂಫಿಟಮಿನ್‌ಗಳಂಥ ಉತ್ತೇಜಕಗಳು ಕೂಡ ಇಲಿಯನ್ನು ಹೆಚ್ಚು ಹೊತ್ತು ಈಜಿಸುತ್ತವೆ. ಆ ಲೆಕ್ಕದಲ್ಲಿ ಸ್ಟ್ರಾಂಗ್ ಕಾಫಿಯೂ ಖಿನ್ನತೆಯ ಔಷಧವೇ.

ಇದೆಲ್ಲ ಪುಸ್ತಕದ ಜಗಳವಾಗಿದ್ದರೆ ನಾನು ಬರೆಯುತ್ತಿರಲಿಲ್ಲ. ಹತಾಶೆ ಎಂದರೆ ಸುಮ್ಮನಾಗುವುದು ಎಂಬ ಚಿತ್ರ ನನ್ನ ತಲೆಯಲ್ಲೂ ಕೂತಿತ್ತು. ಅದರಿಂದಾಗಿ ನನ್ನ ಕಣ್ಣೆದುರಿಗಿದ್ದ ಮಾಮಾ ನನಗೆ ಕಾಣಲಿಲ್ಲ.

ತಿಕೋಟಾ ಸುತ್ತಮುತ್ತ ದ್ರಾಕ್ಷಿಯೇ ಬದುಕು. ಎಪ್ರಿಲ್‌ನಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ ಬಳ್ಳಿ ಕತ್ತರಿಸಬೇಕು. ಔಷಧ ಹೊಡೆಯಬೇಕು, ಬೋರ್ ಬತ್ತಿದರೆ ಟ್ಯಾಂಕರ್ ನೀರು ತರಿಸಬೇಕು. ಇಷ್ಟೆಲ್ಲ ಆಗಿ ಗೊನೆ ಕೊಯ್ದು ಶೆಡ್ಡಿನ ಬಲೆಗಳ ಮೇಲೆ ಹರವಿದಾಗ ಮಳೆ ಬಂದರೆ ಮುಗಿಯಿತು. ಒಣದ್ರಾಕ್ಷಿ ಕಪ್ಪಾಗುತ್ತದೆ, ರೇಟು ಬೀಳುತ್ತದೆ. ಮಾಮಾನಿಗೆ ಹಾಗಾದದ್ದು ಸತತ ಎರಡನೆಯ ವರ್ಷ. ಮೈಮೇಲೆ ಸಾಲ ಇತ್ತು.

ಅವರು ಸುಮ್ಮನೆ ಕೂರಲಿಲ್ಲ. ಕೂತಿದ್ದರೆ ಯಾರಾದರೂ ಕೇಳುತ್ತಿದ್ದರು. ಅವರು ರಾತ್ರಿ ಮೂರಕ್ಕೆ ಎದ್ದು ಬ್ಯಾಟರಿ ಹಿಡಿದು ತೋಟ ಸುತ್ತುತ್ತಿದ್ದರು. ಬೆಳಗ್ಗೆ ಗಾಡಿ ಹತ್ತಿ ವಿಜಯಪುರಕ್ಕೆ, ಅಲ್ಲಿಂದ ಬಂದು ಮತ್ತೆ ತೋಟಕ್ಕೆ. ಊಟಕ್ಕೆ ಕೂತರೆ ಅರ್ಧಕ್ಕೇ ಏಳುತ್ತಿದ್ದರು. ಎದೆ ಉರಿ ಎಂದು ಗ್ಯಾಸಿನ ಗುಳಿಗೆ ನುಂಗಿದರು, ಇಸಿಜಿ ತೆಗೆಸಿದರು, ಎಲ್ಲ ನಾರ್ಮಲ್ ಬಂತು. ಊರವರು "ಎಷ್ಟ ದುಡಿತಾನ ಮನಶ್ಯಾ" ಎಂದು ಹೊಗಳಿದರು. ಖಿನ್ನತೆ ಎಂಬ ಪದ ಆ ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಮಾಮಾ ಒಂದೆರಡು ಸಲ "ಜೀವಕ್ಕ ಸಮಾಧಾನ ಇಲ್ಲ" ಎಂದರು. ನಾವು ಅದನ್ನು ಮಾತು ಎಂದುಕೊಂಡೆವು, ಲಕ್ಷಣ ಎಂದುಕೊಳ್ಳಲಿಲ್ಲ. ನಾನು ಆಗ ಖಿನ್ನತೆಯ ಬಗ್ಗೆಯೇ ಪ್ರಬಂಧ ಬರೆಯುತ್ತಿದ್ದೆ. ಇಲಿ ನಿಂತ ಸೆಕೆಂಡುಗಳನ್ನು ಎಣಿಸುತ್ತಿದ್ದವನಿಗೆ ನಿಲ್ಲಲಾರದ ಮನುಷ್ಯ ಕಾಣಲಿಲ್ಲ.

ಒಂದು ಸಂಜೆ ಮಾಮಾ ಅತ್ತಿಯನ್ನು ಕೂರಿಸಿಕೊಂಡು ಉತಾರಿ, ವಿಮೆಯ ಕಾಗದ, ಬ್ಯಾಂಕಿನ ಪಾಸ್‌ಬುಕ್ ಎಲ್ಲೆಲ್ಲಿವೆ ಎಂದು ತೋರಿಸಿದರು. ಅತ್ತಿ ಶಾಲೆ ಕಲಿತವರಲ್ಲ, ಆದರೆ ಅರ್ಥವಾಯಿತು. ಆ ರಾತ್ರಿ ಅವರ ಪಕ್ಕವೇ ಎಚ್ಚರವಾಗಿ ಕೂತು, ಬೆಳಗಾಗುತ್ತಲೇ ವಿಜಯಪುರಕ್ಕೆ ಮನೋವೈದ್ಯರ ಬಳಿ ಕರೆತಂದರು. ಎಸಿಟಾಲೊಪ್ರಾಮ್ ಗುಳಿಗೆ ಶುರುವಾಯಿತು. ಮೂರು ವಾರ ಏನೂ ಆಗಲಿಲ್ಲ. ನಾಲ್ಕನೆಯ ವಾರ ನಿದ್ದೆ ಬಂತು. ಎರಡನೆಯ ತಿಂಗಳಿಗೆ ಅಳಿಯನನ್ನು ಚೇಷ್ಟೆ ಮಾಡುವ ಮಾಮಾ ತಿರುಗಿ ಬಂದರು.

ಆಗ ನಾನು ತಪ್ಪು ಮಾಡಿದೆ. ಪ್ರಬಂಧ ಮುಗಿದ ಮೇಲೆ ಈ ಪರೀಕ್ಷೆಯ ಟೀಕೆಗಳನ್ನೆಲ್ಲ ಓದಿದ್ದೆ. ಹೊಸದಾಗಿ ತಿಳಿದವನ ಹುರುಪು. ಅವರ ಪಡಸಾಲೆಯಲ್ಲಿ ಕೂತು, "ಈ ಗುಳಿಗಿ ಎಲ್ಲಾ ಇಲಿ ಈಜೂದು ನೋಡಿ ತಯಾರು ಮಾಡಿದ್ದು ಮಾಮಾ, ಅದರಾಗ ಏನೂ ಅರ್ಥ ಇಲ್ರಿ" ಎಂದು ಭಾಷಣ ಬಿಗಿದೆ. ಮಾಮಾ ನಕ್ಕರು. ಮರುದಿನದಿಂದ ಯಾರಿಗೂ ಹೇಳದೆ ಗುಳಿಗೆ ಬಿಟ್ಟರು. ಎರಡು ತಿಂಗಳಲ್ಲಿ ಮತ್ತೆ ರಾತ್ರಿ ಮೂರಕ್ಕೆ ಬ್ಯಾಟರಿ ಹೊತ್ತಿಕೊಂಡಿತು. ಅತ್ತಿ ಫೋನು ಮಾಡಿ, "ನೀ ಏನ ಹೇಳಿ ಹೋಗಿದ್ದೆಪಾ?" ಎಂದಷ್ಟೇ ಕೇಳಿದರು. ಆ ಪ್ರಶ್ನೆಗೆ ಉತ್ತರವಾಗಿಯೂ ಈ ಲೇಖನ ಬರೆಯುತ್ತಿದ್ದೇನೆ.

ನಾನು ಹೇಳಿದ್ದು ಸುಳ್ಳಾಗಿತ್ತು. ಖಿನ್ನತೆಯ ಮೊದಲ ಔಷಧಗಳು ಇಲಿಯ ಪಾತ್ರೆಯಿಂದ ಬಂದವಲ್ಲ. 1952ರಲ್ಲಿ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯರೋಗಿಗಳಿಗೆ ಇಪ್ರೊನಿಯಾಜಿಡ್ ಕೊಟ್ಟಾಗ ಅವರು ಎಂದಿಲ್ಲದ ಲವಲವಿಕೆ ತೋರಿದರು. ಅದನ್ನು ಗಮನಿಸಿದವರು ರೋಗಿಗಳ ಜೊತೆಗಿದ್ದವರು. ಸ್ವಿಟ್ಜರ್ಲೆಂಡಿನ ಮನೋವೈದ್ಯ ರೋಲಾಂಡ್ ಕೂನ್ ಬೇರೆ ಕಾಯಿಲೆಗೆಂದು ಬಂದಿದ್ದ ಇಮಿಪ್ರಮಿನ್ ಅನ್ನು ತಮ್ಮ ಆಸ್ಪತ್ರೆಯ ಖಿನ್ನ ರೋಗಿಗಳಿಗೆ ಕೊಟ್ಟು, ದಿನವೂ ಅವರೊಡನೆ ಮಾತಾಡಿ, 1957ರಲ್ಲಿ ಅದರ ಗುಣವನ್ನು ವರದಿ ಮಾಡಿದರು. ಅರಿವಳಿಕೆಯಾಗಿ ಬಳಸುತ್ತಿದ್ದ ಕೀಟಮಿನ್ ಖಿನ್ನತೆಗೆ ಬೇಗ ಕೆಲಸ ಮಾಡುತ್ತದೆಂದು 2000ದಲ್ಲಿ ತೋರಿಸಿದ ಅಧ್ಯಯನವೂ ಮನುಷ್ಯರ ಮೇಲಿನದೇ. ಈಜುವ ಪರೀಕ್ಷೆ 1977ರದು, ಅಂದರೆ ಇಮಿಪ್ರಮಿನ್ ಬಂದು 20 ವರ್ಷಗಳ ನಂತರದ್ದು. ಪರೀಕ್ಷೆ ಔಷಧವನ್ನು ಹುಟ್ಟಿಸಲಿಲ್ಲ, ಆಗಲೇ ಇದ್ದ ಔಷಧಗಳಿಂದ ಪರೀಕ್ಷೆ ಹುಟ್ಟಿತು. ಹಾಗಾಗಿ ಪರೀಕ್ಷೆ ಬಿದ್ದರೆ ಗುಳಿಗೆ ಬೀಳುವುದಿಲ್ಲ. ಗುಳಿಗೆಯ ಪುರಾವೆ ಇರುವುದು ಮನುಷ್ಯರಲ್ಲಿ. ಮಾಮಾನ ನಿದ್ದೆಯಲ್ಲಿ.

ಪರೀಕ್ಷೆಯ ಪರವಾಗಿರುವವರ ದೊಡ್ಡ ವಾದಕ್ಕೂ ಉತ್ತರ ಇಲ್ಲೇ ಇದೆ. 'ಗೊತ್ತಿರುವ ಔಷಧಗಳಲ್ಲಿ ಹೆಚ್ಚಿನವು ಇದರಲ್ಲಿ ಪಾಸಾಗುತ್ತವಲ್ಲ' ಎನ್ನುತ್ತಾರೆ. ಹೌದು, ಅವುಗಳ ಅಳತೆಗೇ ಹೊಲಿದ ಅಂಗಿ ಅದು. ಒಣದ್ರಾಕ್ಷಿಯ ಜರಡಿ ಕಾಳಿನ ಗಾತ್ರ ಹೇಳುತ್ತದೆ, ಸಿಹಿ ಹೇಳುವುದಿಲ್ಲ. ಹಳೆಯದರಂಥದ್ದೇ ಔಷಧವನ್ನು ಮತ್ತೆ ಮತ್ತೆ ಹಿಡಿದು ಕೊಡುವ ಜರಡಿಯಿಂದ ಹೊಸದನ್ನು ನಿರೀಕ್ಷಿಸಲಾಗದು. 2010ರ ಸುಮಾರಿಗೆ ಗ್ಲ್ಯಾಕ್ಸೋಸ್ಮಿತ್‌ಕ್ಲೈನ್, ಆಸ್ಟ್ರಾಜೆನೆಕಾದಂಥ ದೊಡ್ಡ ಕಂಪನಿಗಳು ಮನೋರೋಗದ ಔಷಧ ಸಂಶೋಧನೆಯಿಂದ ಹಿಂದೆ ಸರಿದವು. ಇಲಿಯಲ್ಲಿ ಗೆದ್ದದ್ದು ಮನುಷ್ಯನಲ್ಲಿ ಸೋಲುತ್ತಿದ್ದುದೂ ಇಂಥ ನಿರ್ಧಾರಗಳ ಹಿಂದಿನ ಕಾರಣಗಳಲ್ಲೊಂದು.

'ಹಾಗಾದರೆ ಪ್ರಾಣಿಗಳಿಂದ ಏನೂ ಕಲಿಯಲಿಲ್ಲವೇ?' ಕಲಿತಿದ್ದೇವೆ. ಒಳ್ಳೆಯ ಉದಾಹರಣೆ ಬೆಂಗಳೂರಿನಲ್ಲೇ ಇದೆ. 2002ರಲ್ಲಿ ಎನ್‌ಸಿಬಿಎಸ್‌ನ ಸುಮಂತ್ರ ಚಟರ್ಜಿ ಮತ್ತು ನಿಮ್ಹಾನ್ಸ್‌ನ ಬಿ.ಎಸ್. ಶಂಕರನಾರಾಯಣ ರಾವ್ ಅವರಿದ್ದ ತಂಡ ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದಂತೆ ಇರಿಸಿ ಅವುಗಳ ಮಿದುಳು ಪರೀಕ್ಷಿಸಿತು. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್‌ನಲ್ಲಿ ನರಕೋಶಗಳ ಕವಲುಗಳು ಕುಗ್ಗಿದ್ದವು. ಭಯಕ್ಕೆ ಸಂಬಂಧಿಸಿದ ಅಮಿಗ್ಡಾಲಾದಲ್ಲಿ ಬೆಳೆದಿದ್ದವು. ಒತ್ತಡ ನಿಲ್ಲಿಸಿ 21 ದಿನ ಕಳೆದರೂ ಅಮಿಗ್ಡಾಲಾದ ಬೆಳವಣಿಗೆ ಇಳಿಯಲಿಲ್ಲ ಎಂದು 2004ರ ಇನ್ನೊಂದು ಅಧ್ಯಯನ ತೋರಿಸಿತು. ಮಳೆ ನಿಂತರೂ ಮಾಮಾನ ಒಳಗಿನ ಗಾಬರಿ ಯಾಕೆ ನಿಲ್ಲಲಿಲ್ಲ ಎಂದು ಯೋಚಿಸಲು ನನಗೆ ಇದರಿಂದ ಒಂದು ದಾರಿ ಸಿಕ್ಕಿತು. ಆ ಇಲಿಗಳೂ ನೋವು ಉಂಡವು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅಲ್ಲಿನ ಪ್ರಶ್ನೆ ಬೇರೆ. ಒತ್ತಡಕ್ಕೆ ಸಿಕ್ಕ ಮಿದುಳಿನ ಕೋಶಕ್ಕೆ ಏನಾಗುತ್ತದೆ ಎಂಬುದು ಇಲಿ ಉತ್ತರಿಸಬಲ್ಲ ಪ್ರಶ್ನೆ. ಆಸೆ ಕಳೆದುಕೊಳ್ಳುವುದೆಂದರೇನು ಎಂಬುದು ಇಲಿಗೆ ಕೇಳಬಾರದ ಪ್ರಶ್ನೆ.

ತಪ್ಪನ್ನು ಒಪ್ಪಿಕೊಂಡವರೂ ಇದ್ದಾರೆ. 1967ರಲ್ಲಿ ಸೆಲಿಗ್ಮನ್ ಮತ್ತು ಮಾಯರ್ ನಾಯಿಗಳಿಗೆ ತಪ್ಪಿಸಿಕೊಳ್ಳಲಾಗದ ವಿದ್ಯುತ್ ಆಘಾತ ಕೊಟ್ಟು, ಅವು ಅಸಹಾಯಕತೆಯನ್ನು 'ಕಲಿಯುತ್ತವೆ' ಎಂದಿದ್ದರು. 2016ರಲ್ಲಿ ಅವರೇ ಅದನ್ನು ತಿರುಗಿಸಿ ಬರೆದರು. ದೀರ್ಘ ಆಘಾತಕ್ಕೆ ಸುಮ್ಮನಾಗುವುದು ಪ್ರಾಣಿಯ ಸಹಜ ಪ್ರತಿಕ್ರಿಯೆ, ಅದನ್ನು ಕಲಿಯಬೇಕಿಲ್ಲ. ಪ್ರಾಣಿ ಕಲಿಯುವುದು 'ಇದು ನನ್ನ ಕೈಯಲ್ಲಿದೆ' ಎಂಬ ಹಿಡಿತವನ್ನು. ಸುಮಾರು 50 ವರ್ಷದ ನಂತರ ತಮ್ಮ ಮಾತನ್ನು ತಾವೇ ತಿದ್ದಿದ್ದು ದೊಡ್ಡತನ. ನನಗೆ ತರಗತಿಯಲ್ಲಿ ಹೇಳಿದ್ದು ಮಾತ್ರ 1967ರ ಪಾಠ.

ಇನ್ನೊಂದು ವಿಷಯ. ನನ್ನ 24 ಇಲಿಗಳೂ ಗಂಡು. ಹೆಣ್ಣಾದರೆ ಋತುಚಕ್ರದಿಂದ ಫಲಿತಾಂಶ ಕೆಡುತ್ತದೆ ಎಂದು ಕಾರಣ ಕೊಟ್ಟರು. ಇದು ನನ್ನೊಬ್ಬನ ಕತೆಯಲ್ಲ. 2009ರ ನರವಿಜ್ಞಾನದ ಪ್ರಬಂಧಗಳನ್ನು ಎಣಿಸಿ 2011ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಬರೀ ಹೆಣ್ಣು ಪ್ರಾಣಿ ಬಳಸಿದ ಒಂದು ಅಧ್ಯಯನಕ್ಕೆ ಬರೀ ಗಂಡು ಬಳಸಿದವು 5.5ರಷ್ಟಿದ್ದವು. ಖಿನ್ನತೆ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು ಎಂದು ಅದೇ ಪಠ್ಯಪುಸ್ತಕದ ಮೊದಲ ಪುಟದಲ್ಲಿರುತ್ತದೆ. ಆ ರಾತ್ರಿಯೆಲ್ಲ ಎಚ್ಚರವಿದ್ದ ಅತ್ತಿಯ ಒಳಗೆ ಏನಾಯಿತು ಎಂದು ನಮ್ಮ ಮನೆಯಲ್ಲೂ ಯಾರೂ ಕೇಳಲಿಲ್ಲ.

ಹಾಗಾದರೆ ಈಗ ಏನು ಮಾಡಬೇಕು? 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯೇ ಹೇಳುತ್ತದೆ: ಸಾಧ್ಯವಿರುವಲ್ಲೆಲ್ಲ ಪ್ರಾಣಿ ಪ್ರಯೋಗ ತಪ್ಪಿಸಬೇಕು, ಬರೀ ಕೈಚಳಕ ಗಳಿಸಲು ಮಾಡಬಾರದು. 2023ರಲ್ಲಿ ಹೊಸ ಔಷಧಗಳ ನಿಯಮಗಳಿಗೆ ತಿದ್ದುಪಡಿಯಾಗಿ ಪ್ರಾಣಿಗಳಿಲ್ಲದ ವಿಧಾನಗಳಿಗೂ ಜಾಗ ಸಿಕ್ಕಿದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯ 2024ರಲ್ಲಿ ಈ ಬಲವಂತದ ಈಜನ್ನು ಕಾನೂನಿನಿಂದಲೇ ನಿಷೇಧಿಸಿತು. ನಮ್ಮ ಕಾಲೇಜುಗಳ ನೈತಿಕ ಸಮಿತಿಗಳು ಇಂಥ ಪ್ರಬಂಧ ಬಂದಾಗ ಒಂದೇ ಪ್ರಶ್ನೆ ಕೇಳಲಿ: ಈ ಸಾರ ಮುಂದೆ ಯಾವ ರೋಗಿಗೆ, ಯಾರ ಮೂಲಕ ತಲುಪುತ್ತದೆ? ಉತ್ತರವಿಲ್ಲದಿದ್ದರೆ ಅನುಮತಿ ಬೇಡ.

'ಹುಡುಗರು ಪ್ರಬಂಧಕ್ಕೆ ಏನು ಮಾಡಬೇಕು?' ಎಂದರೆ ಕೆಲಸ ರಾಶಿ ಬಿದ್ದಿದೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಸುಮಾರು 20 ಜನರಲ್ಲಿ ಒಬ್ಬರಿಗೆ ಬದುಕಿನಲ್ಲೊಮ್ಮೆ ಖಿನ್ನತೆ ಬಂದಿರುತ್ತದೆ. ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆಯೇ ಸಿಗುವುದಿಲ್ಲ. ವಿಜಯಪುರದ ಹೊರರೋಗಿ ವಿಭಾಗಗಳಲ್ಲಿ ಕೂತು, ಜನ ಗುಳಿಗೆಯನ್ನು ಎಷ್ಟನೆಯ ವಾರ ಬಿಡುತ್ತಾರೆ, ಯಾಕೆ ಬಿಡುತ್ತಾರೆ, ಯಾರ ಮಾತು ಕೇಳಿ ಬಿಡುತ್ತಾರೆ ಎಂದು ಬರೆಯಿರಿ. ಮಾಮಾ ಹೇಳಿದ 'ಜೀವಕ್ಕ ಸಮಾಧಾನ ಇಲ್ಲ', ಅವ್ವಂದಿರು ಹೇಳುವ 'ಎದಿ ಢವ ಢವ ಅಂತೈತಿ', ಇಂಥ ಮಾತುಗಳ ಪಟ್ಟಿ ಮಾಡಿ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಗೆ ಹಚ್ಚಿ. ಮೆಡಿಕಲ್ ಅಂಗಡಿಯವರು 'ಮೂರು ವಾರ ತಡೀರಿ, ಕೆಲಸ ಮಾಡತೈತಿ' ಎಂದು ಹೇಳಿಕೊಡುತ್ತಾರೆಯೇ ನೋಡಿ. ಇದು ಕಷ್ಟದ ಕೆಲಸ. ಮನುಷ್ಯರ ಒಪ್ಪಿಗೆ ಬೇಕು, ಸಹಿ ಬೇಕು, ಅವರ ಕಣ್ಣೀರಿನ ಮುಂದೆ ಕೂರಬೇಕು. ಇಲಿ ಸಹಿ ಕೇಳುವುದಿಲ್ಲ. ನಾವು ಇಲಿಯನ್ನು ಆರಿಸಿಕೊಂಡದ್ದಕ್ಕೆ ಅದೂ ಒಂದು ಕಾರಣ.

ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ, ನನ್ನ ಮಾತು ಕೇಳಿ ಅದನ್ನು ಬಿಡಬೇಡಿ. ಕೊಟ್ಟ ವೈದ್ಯರನ್ನೇ ಕೇಳಿ. ಮನೆಯಲ್ಲಿ ಯಾರಾದರೂ ಕಾಗದಪತ್ರ ತೋರಿಸತೊಡಗಿದರೆ ಅವರನ್ನು ಒಂಟಿಯಾಗಿ ಬಿಡಬೇಡಿ. 14416ಕ್ಕೆ ಫೋನು ಮಾಡಿದರೆ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡುವವರು ಸಿಗುತ್ತಾರೆ.

ಮಾಮಾ ಈಗ ಗುಳಿಗೆ ತಪ್ಪಿಸುವುದಿಲ್ಲ. ಲೆಕ್ಕಪತ್ರ ಅತ್ತಿಯ ಕೈಯಲ್ಲಿದೆ, ಸಾಲದ ಕಂತುಗಳು ಹೊಸದಾಗಿ ಗೊತ್ತಾಗಿವೆ. ಹೋದ ಸಲ ಹೋದಾಗ ತಾವಾಗಿ ಕೇಳಿದರು: "ಅಳಿಯಾ, ಆ ಇಲಿ ಆಮ್ಯಾಲ ಏನಾದುವು?"

"ಕೊಂದ್ವಿರಿ ಮಾಮಾ."

"ಈಜಿ ಪಾರಾದವನ್ನೂ?"

"ಹೂನ್ರಿ."

ಅವರು ಮತ್ತೇನೂ ಕೇಳಲಿಲ್ಲ. ನನ್ನ ಪ್ರಬಂಧದ ವೈವಾದಲ್ಲಿ ಯಾರಾದರೂ ಕೇಳಬೇಕಿದ್ದ ಪ್ರಶ್ನೆ ಅದು. ಮುಂದಿನ ವರ್ಷ ನಿಮ್ಮ ಕಾಲೇಜಿನಲ್ಲಿ ಯಾರಾದರೂ ಗಾಜಿನ ಪಾತ್ರೆಗೆ ನೀರು ತುಂಬಿಸುತ್ತಿದ್ದರೆ, ತುಂಬುವ ಮುಂಚೆಯೇ ಕೇಳಿಬಿಡಿ.